ತವರದ ಬೆನ್ನು

ಇರ್ಮ್‌ಟ್ರೌಟ್ ಚಿಕ್ಕಮ್ಮ ತೀರಿಕೊಂಡ ಮೇಲೆ
ಬೆಳ್ಳಿ ಚಮಚ ಅಣ್ಣನಿಗೆ, ಗಡಿಯಾರ ಅವನ ಹೆಂಡತಿಗೆ,
ಕನ್ನಡಿ ನನಗೆ.
ವೆನಿಸ್ಸಿನದು ಅನ್ನುತ್ತಿದ್ದಳು ಚಿಕ್ಕಮ್ಮ,
ಯಾರೋ ದೊರೆಸಾನಿ ಮುತ್ತಜ್ಜಿಯ ಕಸೂತಿಗೆ ಮೆಚ್ಚಿ ಕೊಟ್ಟದ್ದು.
ಕನ್ನಡಿಯೊಳಗಿನ ಗಂಟು ಎಷ್ಟು ಬಾಳೀತು ಅಂತ
ಅಣ್ಣ ಫೋನಿನಲ್ಲಿ ಎರಡು ಸಲ ಕೇಳಿದ.

ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಒಯ್ದೆ.
‘ಮಲಗಿಸಿ ತಂದಿರಾ?’
ಓಟ್ಮಾರ್ ಪ್ರೋಲ್ ಬಾಗಿಲಲ್ಲೇ ಗದರಿದರು.
‘ನಿಂತ ಕಾಲಲ್ಲೇ ಬದುಕುವ ಜಾತಿ ಇದು.
ತಲೆಕೆಳಗಾದರೆ ಬುಡಕ್ಕಿಳಿದ ಪಾದರಸ
ಮತ್ತೆ ಮುಖಕ್ಕೆ ಹತ್ತುತ್ತದೆ.’

ಅಂಗಡಿಯ ಕಿಟಕಿ ತೆರೆದರು ಮೊದಲು.
ಪೆನ್ಸಿಲ್ ತುದಿಯನ್ನು ಗಾಜಿಗೆ ತಾಗಿಸಿದರು,
ತುದಿಗೂ ಬಿಂಬಕ್ಕೂ ನಡುವೆ ದಾರದಷ್ಟೇ ಸಂದು:
ಬಾಯಿಂದ ಊದಿದ ತೆಳುಗಾಜು.
ಬಿಳಿ ಕಾಗದ ಎದುರು ಹಿಡಿದರು:
ಬೆಳ್ಳಿ ಬಳಿದದ್ದಾದರೆ ಬೆಣ್ಣೆಬಣ್ಣ ಕಾಣಬೇಕು,
ಇದರಲ್ಲಿ ಕಾಗದಕ್ಕೆ ಚಳಿ ಹತ್ತಿತ್ತು.
ಟಾರ್ಚನ್ನು ಓರೆ ಮಾಡಿದರು,
ಒಳಗೆಲ್ಲ ಉಪ್ಪು ಚೆಲ್ಲಿದಂಥ ಹರಳು.
‘ತವರ. ತವರ, ಪಾದರಸ. ಬೆಳ್ಳಿಯ ಹೆಸರೂ ಇಲ್ಲ.’

ಹಿಂದಿನ ಹಲಗೆ ಬಿಚ್ಚಲಿಲ್ಲ, ಮೂಸಿದರು.
ಅಗ್ಗದ ಮರ, ಕೀಸುಳಿಯ ಗೀರು, ಚೌಕಮೊಳೆ.
‘ವೆನಿಸ್ಸಲ್ಲ. ಫ್ಯೂರ್ತ್. ಇಲ್ಲಿಂದ ಎರಡು ಬೀದಿ.’
ಸೀಮೆಸುಣ್ಣದಲ್ಲಿ ಮಾಸಿದ ಒಂದು ಮಾತು: ಕಳಪೆ.
ಅದರಡಿ, ಕೂಲಿಯ ಬದಲಿಗೆ.
ಅದರಡಿ, ಬಾಬೆಟ್ಟೆ.

ಬಾಬೆಟ್ಟೆ ಮುತ್ತಜ್ಜಿಯ ತಾಯಿ.
ಅವಳ ಮಾತು ಬಂದರೆ ಮನೆಯಲ್ಲಿ ದನಿ ತಗ್ಗುತ್ತಿತ್ತು: ಕುಡುಕಿ.
ಬಟ್ಟಲು ಹಿಡಿದರೆ ಸೂಪು ಮಡಿಲಿಗೆ,
ನಲವತ್ತಕ್ಕೆ ಹಲ್ಲಿಲ್ಲ, ಮಕ್ಕಳ ಹೆಸರೂ ಮರೆವು.
ಚಿಕ್ಕಮ್ಮ ವೆನಿಸ್ಸನ್ನು ಯಾಕೆ ಕಟ್ಟಿದಳೋ
ಆಗ ಹೊಳೆಯಿತು.

ಪ್ರೋಲ್ ಗಾಳಿಯಲ್ಲೇ ಮಾಡಿ ತೋರಿಸಿದರು:
ಕಲ್ಲಿನ ಮೇಜು, ಅದರ ಮೇಲೆ ತವರದ ಹಾಳೆ,
ಮೊಲದ ಕಾಲಿನಿಂದ ಸವರಿದ ಪಾದರಸ,
ಅದರ ಮೇಲೆ ಉಸಿರು ಕಟ್ಟಿ ಜಾರಿಸಿದ ಗಾಜು.
ಧೂಳು ಕೂರದಿರಲೆಂದು ಮುಚ್ಚಿದ ಕಿಟಕಿ.
ಹೆಚ್ಚಾಗಿ ಹೆಂಗಸರು.

ಬಲಗೆನ್ನೆ ಬರುವ ಜಾಗದಲ್ಲಿ ಒಂದು ಸುಕ್ಕಿದೆ,
ಹಾಳೆ ಮಡಚಿಕೊಂಡ ಗೆರೆ,
ನಾನು ಬಟ್ಟೆಯಿಂದ ಒರೆಸಿ ಒರೆಸಿ ಸೋತದ್ದು.
ನಡುಗುವ ಕೈ ಹಾಸಿದ ತವರ.
ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ.
ನಮಗೆ ಬೇಕಾಯಿತು,
ನೂರ ನಲವತ್ತು ವರ್ಷ ಗೋಡೆಯಲ್ಲೇ ಇತ್ತು.

ಹಲ್ಲಿನ ಡಾಕ್ಟರ ಬಳಿ ಇಪ್ಪತ್ತೆರಡು ವರ್ಷ
ಅದೇ ಪಾದರಸ ಕಲಸಿ ಹುಳುಕು ತುಂಬಿಸಿದವಳು ನಾನು.
ಕೈಗವಸಿತ್ತು, ಫ್ಯಾನಿತ್ತು, ಪಿಂಚಣಿಯಿದೆ.
ಪ್ರೋಲ್ ಮುಂದೆ ಕೈ ಚಾಚಿ ನೋಡಿಕೊಂಡೆ,
ಅವರು ಬೇರೆ ಕಡೆ ನೋಡಿದರು.

ಕೆರೆದು ಹೊಸ ಬೆಳ್ಳಿ ಹಾಕಿಸು, ಅಂದಿದ್ದ ಅಣ್ಣ.
‘ಹಾಕಬಹುದು, ಅರ್ಧ ದಿನದ ಕೆಲಸ,’ ಅಂದರು ಪ್ರೋಲ್.
‘ನಾನು ಹಾಕುವುದಿಲ್ಲ.’

ಈಗ ಬಿಸಿಲು ತಾಕದ ಉತ್ತರದ ಗೋಡೆಯಲ್ಲಿದೆ,
ಹೀಟರಿನಿಂದ ದೂರ,
ಹಿಂದೆ ಗಾಳಿಯಾಡಲು ಬೆರಳಗಲ ಜಾಗ.
ಸೀಸೆಯ ನೀಲಿ ದ್ರಾವಣ ಮುಟ್ಟಿಸುವಂತಿಲ್ಲ, ಒದ್ದೆಬಟ್ಟೆ ಕೂಡದು,
ಮೇಕೆಕೂದಲ ಬ್ರಷ್ಷು, ತಿಂಗಳಿಗೊಮ್ಮೆ, ಮೇಲಿಂದ ಕೆಳಗೆ.
ಕಟ್ಟಿನ ಕೆಳಗೊಂದು ಎನಾಮೆಲ್ ತಟ್ಟೆ.

ಫೆಬ್ರವರಿಯ ಒಂದು ಬೆಳಗ್ಗೆ ತಟ್ಟೆಯಲ್ಲಿ
ಸಾಸಿವೆಗಿಂತ ಸಣ್ಣದೊಂದು ಹನಿ.
ನೆಲದಡಿ ಮೆಟ್ರೋ ಹಾದಾಗ ನಡುಗಿತು, ನಿಂತಿತು.
ಕಿಟಕಿ ತೆರೆದೆ. ಕೈಗವಸು ಹಾಕಿದೆ.
ಎರಡು ಕಾಗದದ ಅಂಚಿನಲ್ಲಿ ಎತ್ತಿ
ಸೀಸೆಗಿಳಿಸಿ, ಮುಚ್ಚಳ ತಿರುಗಿಸಿ
ಹಳೇ ಅಭ್ಯಾಸದಂತೆ ಚೀಟಿ ಅಂಟಿಸಿದೆ:
ದಿನಾಂಕ. ರೋಗಿಯ ಹೆಸರು: ಬಾಬೆಟ್ಟೆ.

ಸಂಜೆ ಅಣ್ಣನ ಫೋನು.
ಕುಡಿದಿರಲಿಲ್ಲ ಅವಳು, ಅಂದೆ.
ಯಾರು? ಅಂದ.